‘ಎಲ್ಲ ನಾಟಕ, ಯಾರಿಗೂ ಪೆಟ್ಟಾಗಲ್ಲ’: ಡಬ್ಲ್ಯುಡಬ್ಲ್ಯುಇ ಕುಸ್ತಿಯ ಬಗ್ಗೆ ಓಡಾಡುವ ಈ ಮಾತು ಎಷ್ಟು ನಿಜ?

ಹೊಸಪೇಟೆ ಹತ್ತಿರದ ಬುಕ್ಕಸಾಗರದಿಂದ ಓದುಗರೊಬ್ಬರು ನಮಗೆ ಒಂದು ವಿಡಿಯೊ ಕಳುಹಿಸಿದ್ದಾರೆ. ಡಬ್ಲ್ಯುಡಬ್ಲ್ಯುಇ ಕುಸ್ತಿಯ ತುಣುಕುಗಳನ್ನು ನಿಧಾನಗತಿಯಲ್ಲಿ ತೋರಿಸಿ, ‘ನೋಡಿ, ಗುದ್ದು ತಾಗೇ ಇಲ್ಲ! ಎಲ್ಲ ನಾಟಕ, ಯಾರಿಗೂ ಪೆಟ್ಟಾಗಲ್ಲ’ ಎಂದು ಮೇಲೆ ಬರೆದಿರುವ ವಿಡಿಯೊ ಅದು. ಅವರ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂದಿದೆ. ಐದನೇ ಕ್ಲಾಸಿನಲ್ಲಿರುವ ಅಕ್ಕನ ಮಗ ಅದನ್ನು ನೋಡಿದ ಮೇಲೆ ಹುಲ್ಲಿನ ಬಣವೆ ಹತ್ತಿ ತಮ್ಮನ ಮೇಲೆ ಹಾರುವುದನ್ನು ಇನ್ನೂ ಜಾಸ್ತಿ ಮಾಡಿದ್ದಾನಂತೆ.

ಓದುಗರ ಪ್ರಶ್ನೆ ಹೀಗಿದೆ: ‘ನಾಟಕ ಅಂದ್ರ ಹುಡುಗ ಹೆದರಂಗಿಲ್ಲ. ನಿಜ ಅಂದ್ರ ನಾನಾ ಸುಳ್ಳು ಹೇಳಿದಂಗ ಆಗ್ತೈತಿ. ಏನ್ ಹೇಳ್ಬೇಕ್ರಿ?’

ಅವರು ಚಿಕ್ಕಂದಿನಿಂದಲೂ ಈ ಕುಸ್ತಿಯ ಅಭಿಮಾನಿ. ಬೆಂಚಿನ ಕೆಳಗೆ ಟ್ರಂಪ್ ಕಾರ್ಡ್ ಇಟ್ಟುಕೊಂಡು ಅಂಡರ್‌ಟೇಕರ್ ಕಾರ್ಡಿಗಾಗಿ ಜಗಳವಾಡಿದ ತಲೆಮಾರಿನವರು. ತಮ್ಮ ಅಭಿಪ್ರಾಯವನ್ನೂ ಮೂರು ಮಾತಿನಲ್ಲಿ ಬರೆದಿದ್ದಾರೆ. ಒಂದು, ಯಾರು ಗೆಲ್ಲುತ್ತಾರೆ ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಎರಡು, ಆದರೂ ಬೀಳುವುದು ಸುಳ್ಳಲ್ಲ. ಮೂರು, ಬಯಲಾಟ ನೋಡುವವರು ಇದನ್ನು ನೋಡಿದರೆ ತಪ್ಪೇನು? ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಗೆಲುವು–ಸೋಲು ಮೊದಲೇ ತೀರ್ಮಾನವೇ?

ಹೌದು. ಇದು ಯಾರೋ ಬಯಲು ಮಾಡಿದ ಗುಟ್ಟಲ್ಲ, ಕಂಪನಿಯೇ ಒಪ್ಪಿಕೊಂಡ ವಿಷಯ. ಆಗ ಡಬ್ಲ್ಯುಡಬ್ಲ್ಯುಎಫ್ ಎಂಬ ಹೆಸರಿದ್ದ ಈ ಸಂಸ್ಥೆ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ತಾವು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿತು. ಕಾರಣ ಸರಳ. ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಅನ್ವಯವಾಗುತ್ತವೆ. ಮನರಂಜನೆ ಎಂದರೆ ಅವು ತಪ್ಪುತ್ತವೆ. 2002ರಲ್ಲಿ ವನ್ಯಜೀವಿ ನಿಧಿಯ ಜೊತೆಗಿನ ವ್ಯಾಜ್ಯದ ನಂತರ ಸಂಸ್ಥೆಯ ಹೆಸರಿನ ಕೊನೆಯ ಅಕ್ಷರ ‘ಎಫ್’ ಹೋಗಿ ‘ಇ’ ಬಂತು. ಆ ‘ಇ’ ಎಂದರೆ ಎಂಟರ್‌ಟೇನ್‌ಮೆಂಟ್. ಮನರಂಜನೆ ಎಂಬುದು ಹೆಸರಿನಲ್ಲೇ ಇದೆ.

ಪಂದ್ಯ ಹೇಗೆ ನಡೆಯುತ್ತದೆ? ಯಾರು ಗೆಲ್ಲಬೇಕು, ಹೇಗೆ ಮುಗಿಯಬೇಕು, ಎಷ್ಟು ನಿಮಿಷ ಎಂಬುದನ್ನು ಬರಹಗಾರರು ಮತ್ತು ನಿರ್ವಾಹಕರು ಮೊದಲೇ ನಿರ್ಧರಿಸುತ್ತಾರೆ. ಮಧ್ಯದ ಪಟ್ಟುಗಳನ್ನು ಇಬ್ಬರು ಕುಸ್ತಿಪಟುಗಳು ಮಾತಾಡಿಕೊಂಡಿರುತ್ತಾರೆ. ಉಳಿದದ್ದನ್ನು ರಿಂಗಿನಲ್ಲೇ ಕಿವಿಯಲ್ಲಿ ಪಿಸುಗುಟ್ಟಿ ಹೇಳಿಕೊಳ್ಳುತ್ತಾರೆ. ರೆಫ್ರಿ ಬರೀ ಎಣಿಸುವವನಲ್ಲ. ಅವನ ಕಿವಿಯಲ್ಲಿ ಇಯರ್‌ಪೀಸ್ ಇರುತ್ತದೆ. ಎಷ್ಟು ಸಮಯ ಉಳಿದಿದೆ ಎಂಬ ಸಂದೇಶವನ್ನು ಇಬ್ಬರಿಗೂ ತಲುಪಿಸುವುದು ಅವನ ಕೆಲಸ. ನಿಜವಾಗಿ ಗಾಯವಾದರೆ ಅವನು ತನ್ನ ಎರಡು ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದು ವೈದ್ಯರನ್ನು ಕರೆಯುತ್ತಾನೆ. ಅಂಥದ್ದೊಂದು ಸನ್ನೆ ಬೇಕಾಗಿದೆ ಎಂದರೆ, ಇಲ್ಲಿ ನಿಜವಾದ ಗಾಯಗಳೂ ಆಗುತ್ತವೆ ಎಂದೇ ಅರ್ಥ.

2007ರ ಜುಲೈನಲ್ಲಿ ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, ಅಂದರೆ ನಮ್ಮ ‘ದಿ ಗ್ರೇಟ್ ಖಲಿ’, ವಿಶ್ವ ಹೆವಿವೇಟ್ ಪಟ್ಟ ಗೆದ್ದಾಗ ನಮ್ಮೂರುಗಳಲ್ಲೂ ಸಂಭ್ರಮವಿತ್ತು. ಆ ಪಟ್ಟವೂ ಬರೆದ ಕತೆಯ ಭಾಗವೇ. ಒಲಿಂಪಿಕ್ ಪದಕದಂತಲ್ಲ, ಸಿನಿಮಾದಲ್ಲಿ ಮುಖ್ಯ ಪಾತ್ರ ಸಿಕ್ಕಂತೆ.

ಅಂಡರ್‌ಟೇಕರ್ ಏಳು ಸಲ ಸತ್ತು ಎದ್ದನೇ?

ನಮ್ಮಲ್ಲಿ ಅತಿ ಹೆಚ್ಚು ಓಡಾಡಿದ ಕತೆ ಇದು. ಮೊಬೈಲ್ ಬರುವ ಮುಂಚೆಯೇ ಶಾಲೆಯಿಂದ ಶಾಲೆಗೆ ‘ಫಾರ್ವರ್ಡ್’ ಆಗಿತ್ತು. ಸಂಗತಿ ಇಷ್ಟು: ಅಂಡರ್‌ಟೇಕರ್ ಒಂದು ಪಾತ್ರ. ಅದನ್ನು ಮಾಡಿದವರು ಮಾರ್ಕ್ ಕ್ಯಾಲವೆ. 1990ರ ನವೆಂಬರ್‌ನಲ್ಲಿ ಈ ಪಾತ್ರದಲ್ಲಿ ಮೊದಲು ಕಾಣಿಸಿಕೊಂಡರು, 2020ರ ನವೆಂಬರ್‌ನಲ್ಲಿ ವಿದಾಯ ಹೇಳಿದರು. ಕತೆಯಲ್ಲಿ ಅವರನ್ನು ಶವಪೆಟ್ಟಿಗೆಗೆ ಹಾಕಿದ್ದುಂಟು, ಮಣ್ಣು ಮುಚ್ಚಿದ್ದೂ ಉಂಟು. ಹಾಗೆ ‘ಸತ್ತ’ ಮೇಲೆ ಕೆಲವು ತಿಂಗಳು ಟಿವಿಯಲ್ಲಿ ಕಾಣುತ್ತಿರಲಿಲ್ಲ. ನಂತರ ಗಂಟೆಯ ಸದ್ದು, ಕತ್ತಲೆ, ಹೊಗೆ, ಮತ್ತೆ ಪ್ರತ್ಯಕ್ಷ!

ಕೇನ್ ಅವರ ಸ್ವಂತ ತಮ್ಮನೇ? ಅಲ್ಲ. ಕೇನ್ ಪಾತ್ರಧಾರಿಯ ಹೆಸರು ಗ್ಲೆನ್ ಜೇಕಬ್ಸ್. ಇಬ್ಬರಿಗೂ ರಕ್ತಸಂಬಂಧವಿಲ್ಲ. ಬೆಂಕಿಯಲ್ಲಿ ಮುಖ ಸುಟ್ಟುಕೊಂಡ ತಮ್ಮ ಎಂಬುದು ಕತೆ. ಮುಖವಾಡ ಹಾಕಿ ಮಕ್ಕಳನ್ನು ಹೆದರಿಸಿದ ಅವರು 2018ರಲ್ಲಿ ಟೆನೆಸ್ಸೀ ರಾಜ್ಯದ ನಾಕ್ಸ್ ಕೌಂಟಿಯ ಮೇಯರ್ ಆಗಿ ಚುನಾಯಿತರಾದರು.

ಇನ್ನು ‘ಅಂಡರ್‌ಟೇಕರ್‌ನನ್ನು ಅಕ್ಷಯ್ ಕುಮಾರ್ ಎತ್ತಿ ಒಗೆದಿದ್ದ’ ಎಂಬ ಮಾತು. 1996ರ ಹಿಂದಿ ಸಿನಿಮಾ ‘ಖಿಲಾಡಿಯೋಂ ಕಾ ಖಿಲಾಡಿ’ಯಲ್ಲಿ ಅಂಥ ದೃಶ್ಯವಿದೆ. ಆದರೆ ಅಲ್ಲಿ ನಟಿಸಿದವರು ಬ್ರಯಾನ್ ಲೀ ಎಂಬ ಬೇರೆ ಕುಸ್ತಿಪಟು. ಇದನ್ನು ಅಕ್ಷಯ್ ಕುಮಾರ್ ಅವರೇ ಸ್ಪಷ್ಟಪಡಿಸಿದ್ದಾರೆ. ತಮಾಷೆ ಏನೆಂದರೆ, 1994ರ ಆಗಸ್ಟ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ ಕೂಡ ಇದೇ ಬ್ರಯಾನ್ ಲೀ ಅವರನ್ನು ‘ನಕಲಿ ಅಂಡರ್‌ಟೇಕರ್’ ಆಗಿ ಅಸಲಿಯ ಎದುರು ನಿಲ್ಲಿಸಿತ್ತು. ಅಂದರೆ ನಮ್ಮ ಸಿನಿಮಾಕ್ಕೆ ಬಂದದ್ದು ಅಧಿಕೃತ ನಕಲಿ!

ಇಲ್ಲಿಯವರೆಗೆ ವಿಡಿಯೊ ಕಳುಹಿಸಿದವರ ಮಾತು ಅರ್ಧ ಸರಿ ಎನ್ನಬಹುದು. ಕತೆ, ಸಂಬಂಧ, ಸಾವು, ಗೆಲುವು ಎಲ್ಲವೂ ಬರೆದದ್ದು. ತೊಂದರೆ ಇರುವುದು ‘ಯಾರಿಗೂ ಪೆಟ್ಟಾಗಲ್ಲ’ ಎಂಬ ಉಳಿದರ್ಧದಲ್ಲಿ.

ಹಾಗಾದರೆ ಬೀಳುವುದೂ ಸುಳ್ಳೇ?

ಭೂಮಿಯ ಗುರುತ್ವಾಕರ್ಷಣೆಗೆ ಸ್ಕ್ರಿಪ್ಟ್ ಗೊತ್ತಿಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಮೀಟರ್ ಎತ್ತರದಿಂದ ಬಿದ್ದ ಯಾವುದೇ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿರುತ್ತದೆ. ಪೆಟ್ಟು ಎಷ್ಟು ಎಂಬುದನ್ನು ವೇಗ ಮಾತ್ರ ನಿರ್ಧರಿಸುವುದಿಲ್ಲ. ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದೇ ಮುಖ್ಯ. ಬೀಳುವ ಜಾಗ 10 ಸೆಂಟಿಮೀಟರ್ ಬಾಗಿಕೊಟ್ಟರೆ ದೇಹದ ಮೇಲೆ ಬೀಳುವ ಸರಾಸರಿ ಬಲ ತೂಕದ 20 ಪಟ್ಟಿನಷ್ಟು. ಒಂದೇ ಸೆಂಟಿಮೀಟರ್ ಬಾಗಿದರೆ 200 ಪಟ್ಟು. ಇದು ಅಂದಾಜಿನ ಲೆಕ್ಕ. ಆದರೆ ರಿಂಗಿಗೂ ಮನೆಯ ಸಿಮೆಂಟ್ ನೆಲಕ್ಕೂ ಇರುವ ವ್ಯತ್ಯಾಸ ಇದರಲ್ಲೇ ಗೊತ್ತಾಗುತ್ತದೆ.

ರಿಂಗ್ ಎಂದರೆ ಮೆತ್ತನೆಯ ಹಾಸಿಗೆ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಕೆಳಗೆ ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಫೋಮ್, ಎಲ್ಲಕ್ಕೂ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಕ್ಯಾನ್ವಾಸ್ ಬಟ್ಟೆ. ಹಲಗೆ ಸ್ವಲ್ಪ ಬಾಗುತ್ತದೆ, ಜೋರಾಗಿ ಸದ್ದು ಮಾಡುತ್ತದೆ. ನಮ್ಮ ಕಡೆಯ ದೊಡ್ಡಾಟದಲ್ಲಿ ವೇಷಧಾರಿ ಅಟ್ಟದ ಮೇಲೆ ಕಾಲು ಅಪ್ಪಳಿಸಿದರೆ ಊರಿಗೆಲ್ಲ ಕೇಳುತ್ತದಲ್ಲ, ಅದೇ ತಂತ್ರ. ಸದ್ದು ಪೆಟ್ಟಿಗಿಂತ ದೊಡ್ಡದು ನಿಜ, ಆದರೆ ಪೆಟ್ಟು ಸೊನ್ನೆಯಲ್ಲ.

ಬೀಳುವುದಕ್ಕೂ ಒಂದು ವಿದ್ಯೆ ಇದೆ. ಗದ್ದವನ್ನು ಎದೆಗೆ ಒತ್ತಿಕೊಂಡು ತಲೆ ನೆಲಕ್ಕೆ ತಾಗದಂತೆ ಕಾಯುವುದು, ಬೆನ್ನಿನ ಮೇಲ್ಭಾಗವನ್ನು ಅಗಲವಾಗಿ ಒಡ್ಡುವುದು, ಅದೇ ಕ್ಷಣ ಎರಡೂ ತೋಳುಗಳನ್ನು ನೆಲಕ್ಕೆ ಬಡಿಯುವುದು, ಉಸಿರು ಬಿಡುವುದು. ಬಲ ದೊಡ್ಡ ಜಾಗಕ್ಕೆ ಹಂಚಿಹೋದರೆ ಒಂದೇ ಎಲುಬಿನ ಮೇಲೆ ಬೀಳುವುದಿಲ್ಲ. ಇದು ಮೈಗೂಡಲು ದೀರ್ಘ ಅಭ್ಯಾಸ ಬೇಕು. ಅದಕ್ಕೆಂದೇ ಡಬ್ಲ್ಯುಡಬ್ಲ್ಯುಇ 2013ರಲ್ಲಿ ಫ್ಲೋರಿಡಾದ ಒರ್ಲಾಂಡೊದಲ್ಲಿ ತರಬೇತಿ ಕೇಂದ್ರ ತೆರೆಯಿತು. ಜೊತೆಗೆ, ಬೀಳುವವನು ಬಲಿಪಶುವಲ್ಲ, ಪಾಲುದಾರ. ಚೋಕ್‌ಸ್ಲ್ಯಾಮ್‌ನಲ್ಲಿ ಕುತ್ತಿಗೆ ಹಿಡಿದು ಎತ್ತಿದಂತೆ ಕಾಣುತ್ತದೆ. ನಿಜದಲ್ಲಿ ಬೀಳುವವನು ತಾನೇ ಜಿಗಿಯುತ್ತಾನೆ, ಎತ್ತುವವನ ಕೈ ಹಿಡಿದು ತನ್ನ ಭಾರ ತಾನೇ ಹೊರುತ್ತಾನೆ.

ಕುರ್ಚಿ? ಅದು ನಿಜವಾದ ಕಬ್ಬಿಣದ ಮಡಚುವ ಕುರ್ಚಿಯೇ. ಅಗಲವಾದ ಬೆನ್ನಿನ ಮೇಲೆ ಹೊಡೆಯುತ್ತಾರೆ. ಮೊದಲು ತಲೆಗೂ ಹೊಡೆಯುತ್ತಿದ್ದರು. ಮೆದುಳಿಗೆ ಆಗುವ ಹಾನಿಯ ಬಗ್ಗೆ ಅರಿವು ಹೆಚ್ಚಿದ ಮೇಲೆ 2010ರಲ್ಲಿ ಅದನ್ನು ನಿಷೇಧಿಸಿದರು. ಪೆಟ್ಟೇ ಆಗದಿದ್ದರೆ ನಿಷೇಧ ಏಕೆ ಬೇಕಿತ್ತು? ರಕ್ತದ ವಿಷಯವೂ ಹಾಗೆಯೇ. ಅದು ಸಾಮಾನ್ಯವಾಗಿ ಟೊಮೆಟೊ ಸಾಸ್ ಅಲ್ಲ. ಅಡಗಿಸಿಟ್ಟುಕೊಂಡ ಬ್ಲೇಡಿನ ಚೂರಿನಿಂದ ಕುಸ್ತಿಪಟು ತನ್ನ ಹಣೆಯನ್ನು ತಾನೇ ಗೀರಿಕೊಳ್ಳುವ ರೂಢಿ ಬಹುಕಾಲ ಇತ್ತು. 2008ರಿಂದ ಕಾರ್ಯಕ್ರಮವನ್ನು ಮಕ್ಕಳೂ ನೋಡುವಂತೆ ಬದಲಾಯಿಸಿದಾಗ ಡಬ್ಲ್ಯುಡಬ್ಲ್ಯುಇ ಅದನ್ನು ಬಹುಮಟ್ಟಿಗೆ ನಿಲ್ಲಿಸಿತು.

ಬರೆದ ಸೋಲು, ಬರೆಯದ ಗಾಯ

ಎರಡನೇ ಮಾತಿಗೆ ಸಾಕ್ಷಿಯಾಗಿ ಮೂರು ರಾತ್ರಿಗಳನ್ನು ನೋಡಬಹುದು.

ಮೊದಲನೆಯದು 1997ರ ಆಗಸ್ಟ್. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಗೆಲ್ಲಬೇಕೆಂದು ತೀರ್ಮಾನವಾಗಿದ್ದ ಪಂದ್ಯ. ಎದುರಾಳಿ ಓವನ್ ಹಾರ್ಟ್, ಆಸ್ಟಿನ್ ಅವರನ್ನು ತಲೆಕೆಳಗಾಗಿ ಹಿಡಿದು ಕುಳಿತಾಗ ಆಸ್ಟಿನ್ ಅವರ ತಲೆ ನೇರವಾಗಿ ನೆಲಕ್ಕೆ ಬಡಿಯಿತು. ಕೆಲ ಹೊತ್ತು ಕೈಕಾಲುಗಳಲ್ಲಿ ಸ್ವಾಧೀನವೇ ಇರಲಿಲ್ಲ. ಎದುರಾಳಿ ಪ್ರೇಕ್ಷಕರತ್ತ ಕೂಗಾಡುತ್ತ ಸಮಯ ಕಳೆದರು. ಆಸ್ಟಿನ್ ತೆವಳಿಕೊಂಡು ಬಂದು, ಹೇಗೋ ಹಿಡಿದು ಉರುಳಿಸಿ ‘ಗೆದ್ದರು’. ಸ್ಕ್ರಿಪ್ಟ್ ಪ್ರಕಾರ ಗೆಲುವು, ನಿಜದಲ್ಲಿ ಕುತ್ತಿಗೆಯ ಗಾಯ. ಮುಂದೆ ಶಸ್ತ್ರಚಿಕಿತ್ಸೆ ಬೇಕಾಯಿತು. 2003ರಲ್ಲಿ ನಿಯಮಿತವಾಗಿ ಕುಸ್ತಿ ಆಡುವುದನ್ನೇ ಬಿಟ್ಟರು.

ಎರಡನೆಯದು 1999ರ ಮೇ 23, ಕನ್ಸಾಸ್ ಸಿಟಿ. ಅದೇ ಓವನ್ ಹಾರ್ಟ್ ಅವರನ್ನು ಛಾವಣಿಯಿಂದ ಹಗ್ಗದಲ್ಲಿ ರಿಂಗಿಗೆ ಇಳಿಸುವ ಪ್ರವೇಶ ಏರ್ಪಾಟಾಗಿತ್ತು. ಕೊಂಡಿ ಬಿಚ್ಚಿಕೊಂಡು ಸುಮಾರು 24 ಮೀಟರ್ ಎತ್ತರದಿಂದ ಬಿದ್ದು ಸತ್ತರು. ವಯಸ್ಸು 34. ಇದು ಕತೆಯ ಭಾಗವಲ್ಲ ಎಂದು ವೀಕ್ಷಕ ವಿವರಣೆಗಾರರು ಟಿವಿಯಲ್ಲಿ ಬಿಡಿಸಿ ಹೇಳಬೇಕಾಯಿತು.

ಮೂರನೆಯದು ಅಭಿಮಾನಿಗಳು ಮರೆಯದ 2014ರ ಏಪ್ರಿಲ್ 6. ರೆಸಲ್‌ಮೇನಿಯಾದಲ್ಲಿ ಸತತ 21 ಪಂದ್ಯ ಗೆದ್ದಿದ್ದ ಅಂಡರ್‌ಟೇಕರ್ ಅಂದು ಬ್ರಾಕ್ ಲೆಸ್ನರ್‌ಗೆ ಸೋತರು. ಕ್ರೀಡಾಂಗಣ ಮೌನವಾಯಿತು. ಆ ಸೋಲು ಬರೆದದ್ದು. ಆದರೆ ಆ ಪಂದ್ಯದಲ್ಲಿ ಕ್ಯಾಲವೆ ಅವರ ತಲೆಗೆ ನಿಜವಾಗಿಯೇ ಪೆಟ್ಟಾಗಿ, ಮೆದುಳು ಅಲುಗಿ, ಆಸ್ಪತ್ರೆ ಸೇರಿದರು. ಆ ಪಂದ್ಯದ ನೆನಪು ತಮಗಿಲ್ಲ ಎಂದು ನಂತರ ಹೇಳಿಕೊಂಡಿದ್ದಾರೆ. ಅಭಿಮಾನಿಗಳು ದುಃಖಪಟ್ಟದ್ದು ಸೋಲಿಗೆ. ದುಃಖಪಡಬೇಕಾದದ್ದು ನಮಗೆ ಕಾಣಲೇ ಇಲ್ಲ.

ಈ ಮೂವರೂ ನುರಿತವರು. ಆದರೂ ಹೀಗಾಯಿತು.

ನಮ್ಮ ಕುಸ್ತಿ ಅಸಲಿ, ಅದು ನಕಲಿ ಅನ್ನಬಹುದೇ?

ಕೆಲವರು ‘ಗರಡಿ ಬಿಟ್ಟು ಈ ಸುಳ್ಳು ಕುಸ್ತಿ ಏಕೆ’ ಎನ್ನುತ್ತಾರೆ. ಬುಕ್ಕಸಾಗರದ ಸುತ್ತಲೇ ಇದಕ್ಕೆ ಉತ್ತರ ಹುಡುಕಬಹುದು. ಹತ್ತಿರದ ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಜಟ್ಟಿಗಳು ಕಾದುತ್ತಿದ್ದಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಕಾಳಗದಲ್ಲಿ ಹಲ್ಲು ಉದುರುವಂತೆ, ಮುಖ ವಿಕಾರವಾಗುವಂತೆ ಹೊಡೆತ ಬೀಳುತ್ತಿದ್ದುದನ್ನೂ, ತೀರ್ಪುಗಾರರು ಇರುತ್ತಿದ್ದುದನ್ನೂ ದಾಖಲಿಸಿದ್ದಾನೆ. ಕೃಷ್ಣದೇವರಾಯ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಬೆವರಿಳಿಸಿದ ಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡುತ್ತಿದ್ದ ಎಂದೂ ಬರೆದಿದ್ದಾನೆ. ರಾಜನ ಜೊತೆ ಆಡುವಾಗ ಆ ಜಟ್ಟಿ ಎಷ್ಟು ಜೋರು ತೋರಿಸುತ್ತಿದ್ದನೋ, ಓದುಗರೇ ಊಹಿಸಿಕೊಳ್ಳಿ.

ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ಮುಷ್ಟಿಯಾಯುಧ ತೊಟ್ಟು ಕಾದುತ್ತಾರೆ. ಪೆಟ್ಟು ನಿಜ, ರಕ್ತ ನಿಜ. ಆದರೆ ಒಬ್ಬನ ತಲೆಯಿಂದ ಮೊದಲ ಹನಿ ಚಿಮ್ಮಿದೊಡನೆ ಕಾಳಗ ಮುಗಿಯಿತು. ಅದು ಕಾಳಗವೂ ಹೌದು, ವಿಧಿಯೂ ಹೌದು. ಹಂಪಿ ಉತ್ಸವದಲ್ಲಿ ನಡೆಯುವ ಮಣ್ಣಿನ ಕುಸ್ತಿ ಶುದ್ಧ ಸ್ಪರ್ಧೆ. ಅಲ್ಲಿ ಎದುರಾಳಿಯನ್ನು ಚಿತ್ ಮಾಡುವುದೇ ಗುರಿ, ಫಲಿತಾಂಶ ಯಾರಿಗೂ ಗೊತ್ತಿಲ್ಲ. ದೊಡ್ಡಾಟದಲ್ಲಿ ಭೀಮ–ದುರ್ಯೋಧನರ ಗದಾಯುದ್ಧ ಪೂರ್ತಿ ಕತೆ. ಯಾರ ತೊಡೆ ಮುರಿಯುತ್ತದೆ ಎಂದು ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕಾದು ಕೂರುತ್ತೇವೆ. ಆಟ ಮುಗಿದ ಮೇಲೆ ‘ದುರ್ಯೋಧನ ನಿಜವಾಗಿ ಸಾಯಲಿಲ್ಲ, ಮೋಸ’ ಎಂದು ಯಾರೂ ಜಗಳ ತೆಗೆಯುವುದಿಲ್ಲ.

ಡಬ್ಲ್ಯುಡಬ್ಲ್ಯುಇ ಈ ಸಾಲಿನಲ್ಲಿ ದೊಡ್ಡಾಟದ ಪಕ್ಕ ಕೂರುತ್ತದೆ, ಗರಡಿಯ ಪಕ್ಕ ಅಲ್ಲ. ಒಂದೇ ವ್ಯತ್ಯಾಸ: ದೊಡ್ಡಾಟದ ಭೀಮ ದುರ್ಯೋಧನನನ್ನು ಎತ್ತಿ ಅಟ್ಟದ ಮೇಲೆ ಒಗೆಯುವುದಿಲ್ಲ. ಆದ್ದರಿಂದ ಓದುಗರ ಮೂರನೇ ಮಾತೂ ನಿಲ್ಲುತ್ತದೆ. ಗೊತ್ತಿದ್ದು ನೋಡುವವರು ಮೋಸಹೋದವರಲ್ಲ.

ಮಕ್ಕಳಿಗೆ ಏನು ಹೇಳಬೇಕು?

ನಾಟಕವೇ, ನಿಜವೇ ಎಂಬ ಎರಡರಲ್ಲಿ ಒಂದನ್ನು ಆರಿಸಬೇಕಿಲ್ಲ. ಹೀಗೆ ಹೇಳಬಹುದು: ‘ಅವರು ಜಗಳವಾಡುತ್ತಿಲ್ಲ, ಸೇರಿ ಆಟ ಕಟ್ಟುತ್ತಿದ್ದಾರೆ. ಯಾರು ಗೆಲ್ಲಬೇಕು ಅನ್ನುವುದು ಸುಳ್ಳು. ಬೀಳುವುದು ನಿಜ. ಬೀಳುವುದನ್ನು ಕಲಿಯಲು ಅವರು ಬಹಳ ವರ್ಷ ತೆಗೆದುಕೊಂಡಿದ್ದಾರೆ, ಆದರೂ ಕುತ್ತಿಗೆ ಮುರಿದುಕೊಂಡಿದ್ದಾರೆ.’ ಸಿನಿಮಾ ಹೀರೊ ಕಟ್ಟಡದಿಂದ ಹಾರುವುದು ಹೇಗೆ ಎಂದು ಮಕ್ಕಳಿಗೆ ವಿವರಿಸುವ ನಾವು ಇದನ್ನೂ ವಿವರಿಸಬಹುದು. ಪೂರ್ತಿ ಬಚ್ಚಿಟ್ಟರೆ ಅವರು ಪಕ್ಕದ ಮನೆಯ ಮೊಬೈಲಿನಲ್ಲಿ ನೋಡುತ್ತಾರೆ, ವಿವರಣೆ ಇಲ್ಲದೆ.

ಚಿಕ್ಕ ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಕುತ್ತಿಗೆಯ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಕುತ್ತಿಗೆಯ ಏಳು ಮೂಳೆಗಳ ನಡುವೆ ಹಾದುಹೋಗುವ ನರದ ಹುರಿ ಒಮ್ಮೆ ತುಂಡಾದರೆ ಮುರಿದ ಕೈಯಂತೆ ಕೂಡಿಕೊಳ್ಳುವುದಿಲ್ಲ. ಬಣವೆ ಮೆತ್ತಗಿರಬಹುದು, ಪಕ್ಕದ ಕಲ್ಲು ಮೆತ್ತಗಿಲ್ಲ. ಕೆಳಗೆ ಮಲಗಿದ ತಮ್ಮನಿಗೆ ಬೀಳುವ ವಿದ್ಯೆಯೂ ಗೊತ್ತಿಲ್ಲ. ಕುತ್ತಿಗೆ ಹಿಡಿಯುವ, ತಲೆಕೆಳಗೆ ಎತ್ತುವ, ಎತ್ತರದಿಂದ ಒಬ್ಬರ ಮೇಲೆ ಹಾರುವ ಈ ಮೂರನ್ನು ಮಾತ್ರ ಖಡಾಖಂಡಿತವಾಗಿ ಬೇಡ ಎನ್ನಿ.

ಆಟದಲ್ಲಿ ಮಗುವಿನ ತಲೆಗೋ ಕುತ್ತಿಗೆಗೋ ಪೆಟ್ಟಾದರೆ:

– ಕುತ್ತಿಗೆ ನೋವು, ಕೈಕಾಲು ಜೋಮು ಅಥವಾ ಬಲವಿಲ್ಲ ಎಂದರೆ ಎಬ್ಬಿಸಿ ಕೂರಿಸಬೇಡಿ. ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆ ಮಾಡಿ.
– ಕುತ್ತಿಗೆ ತಿರುವುವುದು, ಎಳೆಯುವುದು, ಎಣ್ಣೆ ಹಚ್ಚಿ ನೀವುವುದು ಬೇಡ.
– ಪದೇ ಪದೇ ವಾಂತಿ, ವಿಪರೀತ ನಿದ್ದೆಗಣ್ಣು, ತೊದಲು, ಗೊಂದಲ, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.
– ಎಚ್ಚರ ಸರಿಯಾಗಿ ಇಲ್ಲದ ಮಗುವಿಗೆ ನೀರು ಕುಡಿಸಬೇಡಿ.
– ಮೇಲ್ನೋಟಕ್ಕೆ ಸರಿಯಿದ್ದರೂ ಮೊದಲ 24 ಗಂಟೆ ಗಮನವಿಡಿ.

ನಮ್ಮ ತೀರ್ಮಾನ

‘ಎಲ್ಲ ನಾಟಕ, ಯಾರಿಗೂ ಪೆಟ್ಟಾಗಲ್ಲ’ ಎಂಬ ಸಂದೇಶ ಅರ್ಧ ಸತ್ಯ. ಕತೆ ಮತ್ತು ಫಲಿತಾಂಶ ಬರೆದದ್ದು ಎಂಬುದು ಸರಿ. ಪೆಟ್ಟಾಗುವುದಿಲ್ಲ ಎಂಬುದು ತಪ್ಪು, ಮಕ್ಕಳಿರುವ ಮನೆಯಲ್ಲಿ ಅಪಾಯಕಾರಿ ಕೂಡ. ಆ ವಿಡಿಯೊ ನಿಮ್ಮ ಗುಂಪಿಗೂ ಬಂದರೆ ಅದರ ಕೆಳಗೆ ಈ ಸಾಲನ್ನು ಹಾಕಿ: ‘ಗೆಲುವು ಸುಳ್ಳು, ಬೀಳುವುದು ನಿಜ. ಮಕ್ಕಳು ಹಾರದಂತೆ ನೋಡಿಕೊಳ್ಳಿ.’